ಕಣ್ಣಕ್ಕನ ಹಿಂದೆ ಐದು ಒಪ್ಪಿಗೆ

ಸಿದ್ಧ ಉಡುಪಿನ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಕಣ್ಣಕ್ಕ. ಇಪ್ಪತ್ತೆರಡು ವರ್ಷಗಳಿಂದ ಬಟ್ಟೆಯ ಬಣ್ಣ ನೋಡುವುದೇ ಅವಳ ಕೆಲಸ. ಒಂದೇ ಅಂಗಿಗೆ ಬಳಸುವ ಎರಡು ಥಾನುಗಳ, ಅಂದರೆ ಬಟ್ಟೆಯ ಸುರುಳಿಗಳ, ಬಣ್ಣ ಕೂದಲೆಳೆಯಷ್ಟು ಬೇರೆಯಾದರೂ, ಹೊಲಿದಾದ ಮೇಲೆ ತೋಳು ಒಂದು ಬಣ್ಣ, ಮೈ ಒಂದು ಬಣ್ಣ. ಆದ್ದರಿಂದ ಕತ್ತರಿ ಬೀಳುವ ಮೊದಲು ಆರು ಮಂದಿ ಹೆಂಗಸರು ಮೇಜಿನ ಸುತ್ತ ನಿಂತು, ತುಂಡುಗಳನ್ನು ಜೋಡಿಸಿ ನೋಡಿ, ‘ಸರಿ’ ಅಥವಾ ‘ಬೇರೆ’ ಎಂದು ಒಬ್ಬೊಬ್ಬರಾಗಿ ಹೇಳಬೇಕು. ಹಿರಿಯಳಾದ್ದರಿಂದ ಮೊದಲ ಮಾತು ಕಣ್ಣಕ್ಕನದು. ಅದನ್ನು ಉಳಿದ ಐವರು ಅಲ್ಲಗಳೆದ ದಿನವೇ ಇರಲಿಲ್ಲ. ತನ್ನ ಕಣ್ಣಿಗೆ ಸಂದ ಮರ್ಯಾದೆ ಅದು ಎಂದೇ ಅವಳು ತಿಳಿದಿದ್ದಳು.

ಅಂದು ಬೆಳಿಗ್ಗೆ ಎರಡು ನೀಲಿ ಥಾನುಗಳಿಗೆ ಅವಳು ‘ಸರಿ’ ಎಂದಳು. ಒಂದರ ಹಿಂದೊಂದು ಐದು ‘ಸರಿ’ಗಳು ಬಂದವು. ಕೊನೆಯದು, ವಾರದ ಹಿಂದೆ ಕೆಲಸಕ್ಕೆ ಸೇರಿದ ಅವಳ ನಾದಿನಿಯದು, ತುಸು ತಡವಾಗಿ ಬಂತು. ಮಧ್ಯಾಹ್ನ ಎರಡಕ್ಕೆ ಕತ್ತರಿಸುವುದೆಂದು ನಿಗದಿಯಾಯಿತು.

ಊಟದ ಬಿಡುವಿನಲ್ಲಿ ನಾದಿನಿ ಎರಡೂ ತುಂಡುಗಳನ್ನು ಕಿಟಕಿಯ ಬಳಿ ಹಿಡಿದಳು. “ಅತ್ತಿಗೆ, ಒಂಚೂರು ಇಲ್ಲಿ ನೋಡಿ.”

ಒಂದು ತುಂಡು ಹಸಿರಿಗೆ ವಾಲಿತ್ತು. ಕಣ್ಣಕ್ಕನಿಗೂ ಅದು ಕಂಡಿತು. ನಾಲಿಗೆ ಮಾತ್ರ ಸೋಲಲಿಲ್ಲ. “ಗಾಜು ಒರೆಸಿ ಎಷ್ಟು ದಿನ ಆಯ್ತೋ, ಬೆಳಕೇ ಸರಿ ಇಲ್ಲ.”

“ಕಿಟಕಿ ತೆಗೆದೇ ಇದೆ, ಅತ್ತಿಗೆ.”

“ಹಾಗಾದ್ರೆ ಬಿಸಿಲು ಜಾಸ್ತಿ.”

“ಹೌದೌದು, ತಪ್ಪೆಲ್ಲ ಸೂರ್ಯನದು. ಅವನನ್ನೂ ಕೆಲಸದಿಂದ ತೆಗೆಸಿಬಿಡೋಣ.”

“ಆರು ಜನ ನೋಡಿದ್ದೀವಿ ಕಣೆ. ಆರೂ ಜನರ ಕಣ್ಣು ಕೆಟ್ಟಿತ್ತಾ?”

“ನನಗೆ ಆಗಲೇ ಬೇರೆ ಅಂತ ಕಾಣ್ತು. ಐದು ಜನ ಸರಿ ಅಂದ ಮೇಲೆ ನನ್ನ ಕಣ್ಣಿಗೇ ಏನೋ ಆಗಿದೆ ಅಂದ್ಕೊಂಡೆ.”

ಬೆಳಿಗ್ಗೆ ನಿನಗೇನು ಕಂಡಿತ್ತು ಎಂದು ಕಣ್ಣಕ್ಕ ಮೇಜಿನಲ್ಲಿ ತನ್ನ ಪಕ್ಕ ನಿಲ್ಲುವವಳನ್ನು ಕೇಳಿದಳು. ಅವಳು ತುತ್ತು ನುಂಗುತ್ತ, “ನೀವು ಹೇಳಿದ ಮೇಲೆ ನಾನು ನೋಡೋದೇನಿದೆ ಅಕ್ಕ? ಹೂಂ ಅಂದೆ” ಎಂದಳು.

ಇಷ್ಟು ವರ್ಷ ಐವರ ಸಾಕ್ಷಿಯೆಂದು ತಾನು ನಂಬಿದ್ದು ತನ್ನದೇ ದನಿಯ ಮರುದನಿ ಎಂಬುದು ಕಣ್ಣಕ್ಕನಿಗೆ ಮನವರಿಕೆಯಾಯಿತು. ಆದರೂ ಮನಸ್ಸು ನೆಪ ಹುಡುಕುತ್ತಲೇ ಇತ್ತು: ತೊಟ್ಟವರು ಇಷ್ಟು ಸೂಕ್ಷ್ಮ ನೋಡುತ್ತಾರೆಯೆ? ಬಟ್ಟೆಗೆ ಬಣ್ಣ ಹಾಕಿದವರದ್ದಲ್ಲವೆ ತಪ್ಪು? ಪ್ರತಿ ನೆಪವೂ ನ್ಯಾಯವಾಗಿಯೇ ಕಂಡಿತು. ಗಡಿಯಾರ ಮುಂದೆ ಸರಿಯಿತು. ಒಮ್ಮೆ ಕತ್ತರಿಸಿದರೆ ನೂರು ಅಂಗಿಗಳ ಬಟ್ಟೆ ಹಾಳು. ಈಗ ಬಾಯಿ ಬಿಟ್ಟರೆ ಇಪ್ಪತ್ತೆರಡು ವರ್ಷಗಳ ಹೆಸರಿಗೆ ಕಳಂಕ.

ಎರಡಕ್ಕೆ ಐದು ನಿಮಿಷವಿರುವಾಗ ಅವಳು ಕತ್ತರಿಸುವ ಮೇಸ್ತ್ರಿಯ ಎದುರು ನಿಂತಳು.

“ನಿಲ್ಸಿ ಮೇಸ್ತ್ರಿ. ಬಣ್ಣ ಬೇರೆ.”

“ಸರಿ ಅಂದೋರು ಯಾರು?”

“ನಾನೇ.”

“ಈಗ ಬೇರೆ ಅನ್ನೋರು?”

“ಅದೂ ನಾನೇ. ಬೆಳಿಗ್ಗೆ ತಪ್ಪು ನೋಡ್ದೆ.”

ಮೇಸ್ತ್ರಿ ಅರ್ಧ ದಿನ ಹಾಳಾಯಿತೆಂದು ಗೊಣಗುತ್ತ ಕತ್ತರಿಸುವ ಯಂತ್ರ ಆರಿಸಿದ.

“ಇನ್ನೊಂದು ಮಾತು,” ಎಂದಳು ಕಣ್ಣಕ್ಕ. “ನಾಳೆಯಿಂದ ಹೊಸಬರು ಮೊದಲು ಹೇಳ್ಲಿ. ನಾನು ಕೊನೆಗೆ.”

“ನೀವು ಬಾಯಿ ಮುಚ್ಚಿಕೊಂಡು ಕಾಯ್ತೀರಾ?”

“ಕಲಿತೀನಿ.”

ಮರುದಿನ ನಾದಿನಿ ಹೊಸ ಥಾನುಗಳ ತುಂಡುಗಳನ್ನು ನೋಡಿ ‘ಬೇರೆ’ ಎಂದಳು. ಎರಡನೆಯವಳು ಅಭ್ಯಾಸಬಲದಿಂದ ಕಣ್ಣಕ್ಕನತ್ತ ತಿರುಗಿದಳು.

“ನನ್ನ ಮುಖ ಯಾಕೆ ನೋಡ್ತೀಯೆ? ಬಟ್ಟೆ ನೋಡು.”

ಅವಳು ಬಾಗಿ, ತುಂಡುಗಳನ್ನು ಹೊರಳಿಸಿ ಬಹಳ ಹೊತ್ತು ನೋಡಿದಳು. “ನನಗೇನೋ ಸರಿ ಅನ್ನಿಸ್ತಿದೆ.”

“ಸರಿ ಅಂತೆ. ಕನ್ನಡಕ ಮನೇಲಿ ಬಿಟ್ಟು ಬಂದಿರಾ?” ಎಂದಳು ನಾದಿನಿ.

ಆ ಮೇಜಿನ ಸುತ್ತ ಮೊದಲ ಬಾರಿಗೆ ವಾದ ಹುಟ್ಟಿತು. ಕಣ್ಣಕ್ಕ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು, ತನ್ನ ಸರದಿಗಾಗಿ ಕಾದಳು.