ಹುಣಸೂರಿನ ಹಾಬ್ಸನ್ ಗಾಡಿ

ಬಾಡಿಗೆ ಕೊಡುತ್ತೇನೆಂದರೂ ಕೇಳಿದ ಗಾಡಿ ಹತ್ತಗೊಡದ ಊರನ್ನು ನಾನು ಕಂಡದ್ದು ಅದೇ ಮೊದಲು. ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾದ ಮೇಲೆ, ಧಾರವಾಡದವಳಾದ ನನ್ನನ್ನು ಇಂಗ್ಲಿಷ್ ಪಾಠ ಹೇಳಲು ಹುಣಸೂರಿನ ಹೈಸ್ಕೂಲಿಗೆ ಹಾಕಿದ್ದರು. ಬಸ್ಸಿಳಿದರೆ ಎದುರಿಗೆ ಜಟಕಾಗಳ ಸಾಲು. ನಮ್ಮ ಟಾಂಗಾದ ದಾಯಾದಿ ಈ ಜಟಕಾ. ಮೇಲೆ ಕಮಾನು, ಒಳಗೆ ಹುಲ್ಲಿನ ಮೆತ್ತೆ, ಕಾಲು ಮಡಚಿ ಕೂರಬೇಕು. ಸಾಲಿನ ಕೊನೆಯಲ್ಲಿದ್ದ ಬಿಳಿ ಕುದುರೆ ನನ್ನ ಕಣ್ಣಿಗೆ ಬಿತ್ತು. ನೇರ ಅಲ್ಲಿಗೇ ನಡೆದೆ.

ಅದರ ಒಡೆಯ ಬಸವ ಕೈಮುಗಿದ. "ಮುಂದ್ಲ ಗಾಡಿ ಅತ್ತಿ ಅಮ್ಮಾವ್ರೆ. ಪಾಳಿ ಸಿದ್ದಣ್ಣಂದು."

"ನನಗ ಈ ಕುದರೀನ ಬೇಕು."

"ಬೇಕು ಅಂದ್ರೆ ಆಯ್ತದಾ? ಸ್ಟಾಂಡಿನ ಕಟ್ಟಳೆ ಕಣಮ್ಮಾ."

ಸಿದ್ದಣ್ಣನ ಕುದುರೆ ನಿಂತಲ್ಲೇ ತೂಕಡಿಸುತ್ತಿತ್ತು. ಹತ್ತಿದೆ, ಇನ್ನೇನು ಮಾಡಲಿ? ಧಾರವಾಡದಲ್ಲಾದರೆ ಸುತ್ತ ಓಡಾಡಿ, ಕುದುರೆ ನೋಡಿ, ಚೌಕಾಶಿ ಮಾಡಿ ಏರುವವರು ನಾವು. ಒಂದು ಟ್ರಂಕಿಗೆ ಮೂವರು ಟಾಂಗಾದವರು ಜಗಳಾಡುತ್ತಾರೆ. ಇಲ್ಲಿ ಯಾರಿಗೂ ಅವಸರವೇ ಇಲ್ಲ. ದಾರಿಯುದ್ದಕ್ಕೂ ಸಿದ್ದಣ್ಣ ಕಂಡಕಂಡವರಿಗೆ "ಒಸ ಮೇಡಮ್ಮು, ಧಾರವಾಡದೋರು" ಎಂದು ಸಾರಿದ. ನನಗೆ ಸಿಟ್ಟು ನೆತ್ತಿಗೇರಿತ್ತು. ಸಮಾಧಾನ ಒಂದೇ. "ಒಂದು ವರ್ಷ ಹೆಂಗರ ಇರು, ವಾಪಸ್ ಬದಲಿ ಮಾಡಿಸ್ತೀನಿ" ಎಂದು ನನ್ನ ಅಕ್ಕ, ಶಿಕ್ಷಣ ಕಚೇರಿಯಲ್ಲಿದ್ದ ಸುಶೀಲಕ್ಕ ಮಾತು ಕೊಟ್ಟಿದ್ದಳು. ಆ ಬದಲಿಯ ಆಸೆಯಲ್ಲೇ ನಾನು ಹೊರಟು ಬಂದಿದ್ದೆ.

ಹೆಡ್‌ಮಾಸ್ಟರು ಮನೆ ತೋರಿಸಿದರು. "ಎರಡಿವೆ ಮೇಡಂ. ಒಂದು ಸೋರುತ್ತೆ, ಇನ್ನೊಂದಕ್ಕೆ ಅಡುಗೆಮನೆ ಇಲ್ಲ. ಹಾಬ್ಸನ್ಸ್ ಚಾಯ್ಸ್ ನೋಡಿ!"

"ಎರಡಿದ್ದರ ಅದು ಹಾಬ್ಸನ್ ಅಲ್ರೀ ಸರ್" ಎಂದೆ. ಬಂದ ದಿನವೇ ಬಾಯಿ ಬಿಟ್ಟೆನಲ್ಲ ಎಂದು ಆಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ದೊಡ್ಡ ಮನುಷ್ಯರು, ನಕ್ಕು, "ಹಾಗಾದರೆ ಮಕ್ಕಳಿಗೂ ಹೇಳಿ, ನಾನೂ ಕೇಳುತ್ತೇನೆ" ಎಂದರು. ಸೋರುವ ಮನೆಯನ್ನೇ ಹಿಡಿದೆ. ರೊಟ್ಟಿ ಬಡಿಯಲು ಅಡುಗೆಮನೆ ಬೇಕಿತ್ತು. ಆದರೆ ಇಲ್ಲಿ ಜೋಳದ ಹಿಟ್ಟೇ ಸಿಗಲಿಲ್ಲ! ಸಿದ್ದಣ್ಣನ ಹೆಂಡತಿ ಮುದ್ದೆ ತಂದುಕೊಟ್ಟು, "ಅಗೀಬ್ಯಾಡಿ, ನುಂಗಿ" ಎಂದು ಎದುರಿಗೇ ಕುಳಿತಳು. ಮೊದಲ ತುತ್ತು ಇಳಿದಾಗ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು.

ಹಾಬ್ಸನ್ ಕಥೆಯನ್ನು ತರಗತಿಯಲ್ಲಿ ಹೇಳಿದೆ. ಬಹಳ ಹಿಂದೆ ಇಂಗ್ಲೆಂಡಿನಲ್ಲಿ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದವನು ಆತ. ಲಾಯದ ತುಂಬ ಕುದುರೆಗಳಿದ್ದರೂ ಗಿರಾಕಿ ಬಾಗಿಲ ಹತ್ತಿರ ನಿಂತದ್ದನ್ನೇ ಒಯ್ಯಬೇಕು. ಒಲ್ಲೆನೆಂದರೆ ಕಾಲೇ ಗತಿ. ಎಲ್ಲರೂ ಒಳ್ಳೆಯ ಕುದುರೆಯನ್ನೇ ಕೇಳಿ ಅದನ್ನು ದಣಿಸಿ ಕೊಲ್ಲುತ್ತಾರೆಂದು ಆತ ಮಾಡಿದ ಕಟ್ಟಳೆ ಅದು. ಹಾಬ್ಸನ್ಸ್ ಚಾಯ್ಸ್ ಎಂದರೆ ಎರಡು ಕಷ್ಟಗಳಲ್ಲಿ ಒಂದನ್ನು ಆರಿಸುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜಕ್ಕೂ ಅಲ್ಲಿ ಆರಿಸುವ ಮಾತೇ ಇಲ್ಲ; ಇದ್ದರೆ ಇದು, ಇಲ್ಲದಿದ್ದರೆ ಇಲ್ಲ.

"ನಮ್ ಜಟಕಾ ಸ್ಟಾಂಡು!" ಎಂದು ಇಡೀ ತರಗತಿ ಕೂಗಿತು. ಹಿಂದೆ ನಿಂತಿದ್ದ ಹೆಡ್‌ಮಾಸ್ಟರು ಎಲ್ಲರಿಗಿಂತ ಜೋರಾಗಿ ನಕ್ಕರು. ಮಾತು ಸ್ಟಾಂಡಿಗೂ ಮುಟ್ಟಿತು. ಅಂದಿನಿಂದ ಸಾಲಿನ ಮೊದಲ ಗಾಡಿ 'ಆಬ್ಸನ್ ಗಾಡಿ'ಯಾಯಿತು. "ಆಬ್ಸನ್ನು ಒಂಟೈತೆ, ಬನ್ನಿ ಬನ್ನಿ!" ಎಂದು ಸಿದ್ದಣ್ಣ ಕೂಗಿದರೆ ಸಂತೆಗೆ ಬಂದವರೂ ಹತ್ತುತ್ತಿದ್ದರು. ಆರಿಸಲು ಬಿಟ್ಟಿದ್ದರೆ ಅವನ ಮುದಿ ಕುದುರೆಯನ್ನು ಯಾರು ಕೇಳುತ್ತಿದ್ದರು? ಪಾಳಿ ಇದ್ದದ್ದರಿಂದ ಅದಕ್ಕೂ ಹುರುಳಿ ಸಿಗುತ್ತಿತ್ತು. ನನ್ನ ಸಿಟ್ಟು ಎಂದೋ ಇಳಿದುಹೋಗಿತ್ತು.

ಬೇಸಿಗೆ ರಜೆ ಬಂತು. 'ಬದಲಿ ಆಗುವ ಹಾಗಿದೆ, ಬಾ' ಎಂದು ಅಕ್ಕ ಬರೆದಿದ್ದಳು. ಮನೆಯಿಂದ ಟ್ರಂಕು ತರಿಸಲು ಸ್ಟಾಂಡಿಗೆ ಹೋದೆ. ಮುಂದಿದ್ದ ಸಿದ್ದಣ್ಣನ ಗಾಡಿಗೆ ಕಾಲಿಡುವಾಗ ಅವನೇ ತಡೆದ.

"ಊರಿಗೆ ಒಂಟ್ರಾ? ಅಂಗಾರೆ ಯಾವ್ ಗಾಡಿ ಬೇಕೋ ಆರಿಸ್ಕಳಿ."

ಆ ಸ್ಟಾಂಡಿನ ಇನ್ನೊಂದು ಪದ್ಧತಿ ನನಗೆ ಗೊತ್ತಿತ್ತು. ತವರಿನಿಂದ ಹೊರಡುವ ಊರ ಮಗಳಿಗೆ ಪಾಳಿಯಿಲ್ಲ, ಅವಳು ಕೈ ತೋರಿಸಿದ ಗಾಡಿ ಅವಳದು.

"ಸಿದ್ದಣ್ಣ, ನಾ ತವರಿಗೇ ಹೊಂಟಾಕಿ."

"ಅದೂ ತೌರೇ, ಇದೂ ತೌರೇ. ಬುಡಿ ಅತ್ಲಾಗೆ. ತೋರ್ಸವ್ವ."

ಅಲ್ಲಿಯವರೆಗೆ 'ಅಮ್ಮಾವ್ರೆ' ಅನ್ನುತ್ತಿದ್ದವನು ಮಗಳನ್ನು ಕರೆಯುವಂತೆ 'ಅವ್ವ' ಅಂದ. ನನಗೆ ಅಳು ಬಂತು. ಆದರೂ ಮೊದಲ ದಿನದ ಆಸೆ ಬಿಟ್ಟೀತೆ! ಬಿಳಿ ಕುದುರೆಯತ್ತ ಕೈ ತೋರಿಸಿದೆ. ತನ್ನ ಬಾಡಿಗೆ ಹೋದರೂ ಮೊದಲು ನಕ್ಕವನು ಸಿದ್ದಣ್ಣನೇ.

ಧಾರವಾಡ ಸ್ಟೇಶನ್ನಿನ ಹೊರಗೆ ಮುಂದಿದ್ದ ಟಾಂಗಾವನ್ನು ಸುಮ್ಮನೆ ಹತ್ತಿ ಕುಳಿತೆ.

"ಅಯ್ಯ, ಹಿಂದಿನ ಕುದರಿ ಎಷ್ಟ ಛಂದ ಅದ! ಇದನ್ನ್ಯಾಕ ಹತ್ತಿದಿ?" ಎಂದಳು ನನ್ನನ್ನು ಕರೆದೊಯ್ಯಲು ಬಂದಿದ್ದ ಅಕ್ಕ.

"ಇವರ ಪಾಳಿ ಅಕ್ಕಾ."

ಟಾಂಗಾದವನಿಗೆ ನಗು. "ಇಲ್ಲೆ ಪಾಳಿ ಗೀಳಿ ಏನಿಲ್ರೀ ಬಾಯಾರ. ಯಾವೂರವ್ರು ನೀವು?"

"ಇದ ಊರು" ಎಂದಳು ಅಕ್ಕ. ಅದೇ ಹೊತ್ತಿಗೆ ನನ್ನ ಬಾಯಿಂದ "ಹುಣಸೂರು" ಎಂದು ಬಂತು.

ಅಕ್ಕ ತಿರುಗಿ ನನ್ನನ್ನೇ ನೋಡಿದಳು. ನಮ್ಮ ಓಣಿ ಬರುವಾಗ ಕೇಳಿದಳು. "ಹಂಗಾದ್ರ ಬದಲಿ ಬ್ಯಾಡಂತ ಹೇಳಲೇನು?"

ಹೂಂ ಅಂದು ಅವಳ ಕೈ ಹಿಡಿದುಕೊಂಡೆ. ಮನೆ ಮುಟ್ಟುವತನಕ ಬಿಡಲಿಲ್ಲ.