ಚಿಕ್ಕಜ್ಜಿ ಧಣಿಯ ಮಗನ ಕೈಗೆ ಸೂಜಿ ಕೊಟ್ಟದ್ದು

ನನ್ನ ಅಜ್ಜಿಗೆ ಇದ್ದವಳು ಒಬ್ಬಳೇ ತಂಗಿ. ನಾವು ಅವಳನ್ನು ಚಿಕ್ಕಜ್ಜಿ ಎನ್ನುತ್ತಿದ್ದೆವು. ಹರೆಯದಲ್ಲಿ ಅಕ್ಕತಂಗಿಯರಿಬ್ಬರೂ ಊರಿನ ದೊಡ್ಡಮನೆಯಲ್ಲಿ ಕೆಲಸಕ್ಕಿದ್ದರು. ಅಜ್ಜಿ ಬಟ್ಟೆ ಒಗೆದು ಇಸ್ತ್ರಿ ಹಾಕುತ್ತಿದ್ದಳು, ಚಿಕ್ಕಜ್ಜಿ ಹರಿದದ್ದನ್ನು ಹೊಲಿಯುತ್ತಿದ್ದಳು. ಆ ಮನೆಯವರು ತಮ್ಮ ಕೈಯಾರೆ ಮಾಡಿಕೊಳ್ಳುತ್ತಿದ್ದ ಕೆಲಸವೆಂದರೆ ಬಟ್ಟೆ ಹಾಕಿಕೊಳ್ಳುವುದೊಂದೇ. ಅದನ್ನೂ ತಾವೇ ಹಾಕಿಕೊಳ್ಳುತ್ತಿರಲಿಲ್ಲ ಅನ್ನಿ, ಕೈ ಚಾಚಿ ನಿಲ್ಲುತ್ತಿದ್ದರು.

ಮಹಡಿಯ ಮೇಲೆ ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ತಿಳಿಯುವುದು ಸುಲಭವಾಗಿತ್ತು. ದೊಡ್ಡ ಧಣಿ, ಅಮ್ಮಾವ್ರು, ಆಮೇಲೆ ಮಗ. ಕೆಳಗೆ ಆಳುಗಳ ಊಟದ ಕೋಣೆಯಲ್ಲಿ ಅದನ್ನು ಕಲಿಯಲು ವರ್ಷ ಬೇಕಾಗುತ್ತಿತ್ತು. ಉದ್ದನೆಯ ಮೇಜಿನ ತಲೆಯಲ್ಲಿ ಕಾರಭಾರಿಗಳು ಕೂರುತ್ತಿದ್ದರು. ಇಡೀ ಮನೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. ಅವರ ಬಲಗಡೆ ಅಡುಗೆಯವರು, ಎಡಗಡೆ ಸಾರೋಟು ಓಡಿಸುವವನು. ಸಾರೋಟಿನವನು ಕುದುರೆಗಳನ್ನು ಮಾತಾಡಿಸುತ್ತಿದ್ದನೇ ಹೊರತು ಲಾಯ ಗುಡಿಸುವವನನ್ನಲ್ಲ. ಚಿಕ್ಕಜ್ಜಿಯದು ಹನ್ನೊಂದನೇ ಕುರ್ಚಿ, ಅಜ್ಜಿಯದು ಬಾಗಿಲ ಬಳಿಯ ಹನ್ನೆರಡನೆಯದು. ಹೊಲಿಗೆ ಒಣ ಕೆಲಸ, ಒಗೆತ ಒದ್ದೆ ಕೆಲಸ. ಕೈ ಒದ್ದೆಯಾದವರು ಒಣಗಿದವರಿಗಿಂತ ಕೆಳಗೆ ಎಂದು ಕಾರಭಾರಿಗಳು ಯಾವಾಗಲೋ ತೀರ್ಮಾನ ಕೊಟ್ಟಿದ್ದರು. ಅಕ್ಕನ ಮುಂದೆ ತಂಗಿಗೆ ಮೊದಲು ಬಡಿಸುವಾಗ ಇಬ್ಬರಿಗೂ ನಗು ಬರುತ್ತಿತ್ತಂತೆ. ನಗುವುದಕ್ಕೂ ಅಲ್ಲಿ ಸರದಿ ಇತ್ತು. ಮೊದಲು ಕಾರಭಾರಿಗಳು ನಗಬೇಕು. ಅವರು ನಗುತ್ತಿರಲಿಲ್ಲ.

ಆ ಮನೆಯ ಮಗ, ಚಿಕ್ಕ ಧಣಿ, ಇಪ್ಪತ್ತಾರು ವರ್ಷದ ಸುಂದರ ಸೋಮಾರಿ. ಒಂದು ದಿನ ಕೋಟಿನ ಗುಂಡಿ ಕಿತ್ತುಹೋಗಿದೆ ಎಂದು ತಾನೇ ಮೆಟ್ಟಿಲಿಳಿದು ಹೊಲಿಗೆ ಕೋಣೆಗೆ ಬಂದ. ಹುಟ್ಟಿದ ಮನೆಯಲ್ಲಿ ಅಂಥದೊಂದು ಕೋಣೆ ಇದೆಯೆಂದು ಅವತ್ತೇ ಅವನಿಗೆ ಗೊತ್ತಾದದ್ದು. ಚಿಕ್ಕಜ್ಜಿ ಕಿಟಕಿಯ ಬೆಳಕಿಗೆ ಕೂತು, ದಾರದ ತುದಿಯನ್ನು ಹಲ್ಲಿನಿಂದ ಕಡಿದು, ತಲೆ ಎತ್ತದೆ ಕೈ ಚಾಚಿದಳು.

"ಅಲ್ಲಿಟ್ಟು ಹೋಗಿ, ಸಂಜೆಗೆ ಆಗತ್ತೆ," ಎಂದಳು.

"ನಾನು ಯಾರು ಅಂತ ನೋಡ್ಲೇ ಇಲ್ಲ ನೀನು."

"ಕೋಟು ನೋಡಿದೆ ಧಣಿ. ನಿಮ್ಮದೇ. ಎಡ ತೋಳು ನಾನೇ ಎರಡು ಸಲ ಬಿಚ್ಚಿ ಹೊಲಿದಿದೀನಿ."

ಅವನನ್ನು ಅಷ್ಟು ಹತ್ತಿರದಿಂದ ಬಲ್ಲವರು ಬೇರೆ ಯಾರೂ ಇರಲಿಲ್ಲವೇನೋ. ಮರುದಿನ ಇನ್ನೊಂದು ಗುಂಡಿ ಕಿತ್ತುಬಂತು. ಅದರ ಮರುದಿನ ಎರಡು. ತಿಂಗಳೊಳಗೆ ಚಿಕ್ಕ ಧಣಿಯ ಬಟ್ಟೆಗಳಿಗೆ ಅದೇನೋ ರೋಗ ತಗುಲಿದೆ ಎಂದು ಕೆಳಗಿನವರು ಮಾತಾಡಿಕೊಳ್ಳತೊಡಗಿದರು. ಗುಂಡಿಗಳ ಬುಡದಲ್ಲಿ ಕತ್ತರಿಯ ಗುರುತು ಚಿಕ್ಕಜ್ಜಿಗೆ ಕಾಣದೇ ಇರಲಿಲ್ಲ.

"ಕತ್ತರಿಸೋದಾದ್ರೆ ದಾರ ಕತ್ತರಿಸಿ ಧಣಿ, ಬಟ್ಟೆ ಯಾಕೆ ಹಾಳು ಮಾಡ್ತೀರಿ," ಎಂದಳು ಒಂದು ದಿನ.

ಅವನ ಮುಖ ಕಿವಿಯವರೆಗೂ ಕೆಂಪೇರಿತು. ಅವನು ನಾಚಿಕೊಳ್ಳಬಲ್ಲ ಎನ್ನುವುದು ಅವಳಿಗೆ ಹಿಡಿಸಿತು. ಸೋಮಾರಿಯೇ, ಆದರೆ ಒಳಗೆ ಕೊಳಕಿಲ್ಲ. ಕತೆ ಹೇಳುತ್ತಿದ್ದ, ನಗಿಸುತ್ತಿದ್ದ, ಅವಳು ಹೇಳಿದ್ದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಅವಳ ಮಾತನ್ನು ಅಷ್ಟು ಹೊತ್ತು ಯಾರೂ ಕೇಳಿದ್ದಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಅವಳೂ ಮೆಟ್ಟಿಲ ಸದ್ದಿಗೆ ಕಿವಿಗೊಡತೊಡಗಿದ್ದಳು. ಇಸ್ತ್ರಿಗೆ ಬಂದ ಬಟ್ಟೆ ನೋಡಿಯೇ ಅಜ್ಜಿಗೆ ವಿಷಯ ತಿಳಿಯಿತು.

"ಹುಷಾರು ಕಣೇ," ಎಂದಳು. "ಅವರಿಗೆ ಮನಸ್ಸು ಬದಲಾದ್ರೆ ಬೇರೆ ಕೋಟು ಹಾಕ್ಕೋತಾರೆ. ನಿಂಗೆ ಇರೋದು ಒಂದೇ ಬದುಕು."

ಆದರೆ ಚಿಕ್ಕ ಧಣಿ ಮನಸ್ಸು ಬದಲಾಯಿಸಲಿಲ್ಲ. ಒಂದು ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ, ತಾನು ಹೊಲಿಗೆಯವಳನ್ನು ಮದುವೆಯಾಗುತ್ತೇನೆ ಎಂದು ಹೇಳಿಯೇಬಿಟ್ಟ. ಅಮ್ಮಾವ್ರು ಮೂರ್ಛೆ ಹೋದರು. ಮೂರ್ಛೆ ಹೋಗಲು ಆ ಮನೆಯಲ್ಲಿ ನೀಲಿ ಮಖಮಲ್ಲಿನ ಒಂದು ಸೋಫಾ ಇತ್ತು. ಅಲ್ಲಿಯವರೆಗೆ ನಡೆದುಕೊಂಡು ಹೋಗಿ, ಸೆರಗು ಸರಿಮಾಡಿಕೊಂಡು, ಮೂರ್ಛೆ ಹೋದರು. ದೊಡ್ಡ ಧಣಿಗೆ ಕಿವಿ ಮಂದ. ಮಗ ಹೊಲಿಗೆ ಯಂತ್ರ ಕೊಳ್ಳುತ್ತಾನೆ ಎಂದುಕೊಂಡು "ಆಗಲಿ, ಒಂದು ಇರಲಿ" ಎಂದರು. ಧಣಿಯ ಬಾಯಿಂದ ಬಂದ ಮಾತು ಹಿಂದಕ್ಕೆ ಹೋಗುವ ಪದ್ಧತಿ ಇರಲಿಲ್ಲ. ಹಾಗಾಗಿ ಅದು ಒಪ್ಪಿಗೆಯಾಯಿತು.

ಒಪ್ಪದವರು ಕೆಳಗಿನವರು.

ಮಧ್ಯಾಹ್ನದ ಊಟಕ್ಕೆ ಕಾರಭಾರಿಗಳು ಕೂರಲಿಲ್ಲ, ನಿಂತೇ ಮಾತಾಡಿದರು. ಮೂವತ್ತು ವರ್ಷದಲ್ಲಿ ಮೊದಲ ಬಾರಿ ಅವರ ದನಿ ನಡುಗಿತಂತೆ.

"ಹನ್ನೊಂದನೇ ಕುರ್ಚಿಯವಳು," ಎಂದರು. "ನಾಳೆ ಅವಳು ಊಟಕ್ಕೆ ಕೂತ್ರೆ ಹಿಂದೆ ನಿಂತು ಬಡಿಸಬೇಕಾದವನು ನಾನು. ಧಣಿಗಳಿಗೇನು, ಅವರು ದೊಡ್ಡ ಮನಸ್ಸು ಮಾಡ್ತಾರೆ. ನಮಗೆ ಮರ್ಯಾದೆ ಇದೆ."

"ನಾನು ಯಾರಿಗೂ ಬಗ್ಗು ಅನ್ನಲ್ಲ," ಎಂದಳು ಚಿಕ್ಕಜ್ಜಿ.

"ನೀನು ಅನ್ನದಿದ್ರೂ ನಾವು ಬಗ್ಗಬೇಕಲ್ಲ. ಬಗ್ಗದಿದ್ರೆ ದೊಡ್ಡಮನೆ ಹೇಗಾಗತ್ತೆ?"

ಪಾತ್ರೆ ತೊಳೆಯುವವಳೂ ಮುಖ ತಿರುಗಿಸಿದಳು. ಅವಳದು ಹದಿನಾಲ್ಕನೇ ಕುರ್ಚಿ. ಹನ್ನೊಂದರಿಂದ ಒಬ್ಬಳು ಮೇಲಕ್ಕೆ ಹಾರಿದರೆ ಹದಿನಾಲ್ಕು ಹದಿಮೂರಾಗುತ್ತದೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಮರುದಿನ ಬೆಳಿಗ್ಗೆ ಹನ್ನೆರಡು ಮಂದಿ ಕೆಲಸ ಬಿಟ್ಟು ಲಾಯದ ಹಿಂದಿನ ಉಗ್ರಾಣದಲ್ಲಿ ಹೋಗಿ ಕೂತರು. ಅಲ್ಲಿಯೂ ಮೂಟೆಗಳ ಮೇಲೆ ಕುರ್ಚಿಗಳ ಸರದಿಯಲ್ಲೇ ಕೂತಿದ್ದರು ಎಂದು ಅಜ್ಜಿ ಆಣೆಯಿಟ್ಟು ಹೇಳುತ್ತಿದ್ದಳು. ಅವಳು ಮಾತ್ರ ತಂಗಿಯ ಜೊತೆ ಉಳಿದಳು.

ಮೇಲೆ ಮೂರು ದಿನ ಪರದಾಟ. ಅಮ್ಮಾವ್ರು ಗಂಟೆ ಬಾರಿಸಿದರು, ಯಾರೂ ಬರಲಿಲ್ಲ. ಗಂಟೆ ಕೆಟ್ಟಿದೆ ಎಂದು ಇನ್ನೊಂದು ಗಂಟೆ ಬಾರಿಸಿದರು. ದೊಡ್ಡ ಧಣಿ ಅಡುಗೆಮನೆ ಹುಡುಕಿಕೊಂಡು ಹೊರಟು ದೀಪದೆಣ್ಣೆಯ ಕೋಣೆ ಸೇರಿದರು. ಕೊನೆಗೆ ಚಿಕ್ಕಜ್ಜಿಯೇ ಸೆರಗು ಸಿಕ್ಕಿಸಿ ಒಲೆ ಹಚ್ಚಿದಳು. ಅಕ್ಕತಂಗಿಯರಿಬ್ಬರೂ ಅನ್ನ ಬೇಯಿಸಿದರು, ನೀರು ಕಾಯಿಸಿದರು, ಬೂಟು ಒರೆಸಿದರು, ಕುದುರೆಗೆ ಹುಲ್ಲು ಹಾಕಿದರು. ಮೂರನೇ ದಿನ ಮಧ್ಯಾಹ್ನ ಅಮ್ಮಾವ್ರು ಎರಡನೇ ಸಲ ಅನ್ನ ಬಡಿಸಿಕೊಂಡು, ಹುಡುಗಿ ಪರವಾಗಿಲ್ಲ ಎಂದರು. ದೊಡ್ಡ ಧಣಿ ತಲೆಯಾಡಿಸಿದರು.

ಚಿಕ್ಕ ಧಣಿಗೆ ಆನಂದವೋ ಆನಂದ. ತಟ್ಟೆ ಎತ್ತಲು ಬಂದ ಚಿಕ್ಕಜ್ಜಿಯ ಕಡೆ ನೋಡಿ ಮೆಲ್ಲಗೆ ಹೇಳಿದ:

"ನೋಡಿದ್ಯಾ, ಅವರಿಗೆ ನೀನು ಹಿಡಿಸಿಬಿಟ್ಟೆ. ಆ ಹನ್ನೆರಡು ಜನ ಬರದಿದ್ರೂ ನಡೆಯತ್ತೆ. ನೀನೊಬ್ಬಳು ಇದ್ರೆ ಸಾಕು ಈ ಮನೆಗೆ."

ಪ್ರೀತಿಯಿಂದಲೇ ಹೇಳಿದ್ದ. ಅದರಲ್ಲೇನು ತಪ್ಪಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. ಚಿಕ್ಕಜ್ಜಿ ತಟ್ಟೆಗಳನ್ನು ಅಡುಗೆಮನೆಗೆ ಒಯ್ದಳು, ತೊಳೆದಳು, ಒರೆಸಿ ಜೋಡಿಸಿದಳು. ಕೈ ಒರೆಸಿಕೊಳ್ಳುವಾಗ ಅಳು ಬಂತು, ಒಂದೆರಡು ನಿಮಿಷ ಅತ್ತಳು. ಆಮೇಲೆ ಉಗ್ರಾಣಕ್ಕೆ ಹೋಗಿ ಬಾಗಿಲಲ್ಲಿ ನಿಂತಳು.

"ಎಲ್ಲರೂ ಹೋಗಿ ಕೆಲಸ ನೋಡ್ಕೊಳ್ಳಿ. ನಾನು ಈ ಮನೆ ಸೊಸೆ ಆಗಲ್ಲ, ಆಳಾಗಿಯೂ ಇರಲ್ಲ," ಎಂದಳು.

ಕಾರಭಾರಿಗಳಿಗೆ ಗೆದ್ದ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತಂತೆ. ಹನ್ನೊಂದನೇ ಕುರ್ಚಿ ಖಾಲಿಯಾದರೆ ಒಗೆಯುವವಳು ಒಂದು ಸ್ಥಾನ ಮೇಲೆ ಬರುತ್ತಾಳಲ್ಲ. ಅಜ್ಜಿ ಆ ತೊಂದರೆ ಕೊಡಲಿಲ್ಲ. ಅವಳೂ ಗಂಟುಮೂಟೆ ಕಟ್ಟಿದಳು.

ಪೇಟೆಬೀದಿಯಲ್ಲಿ ಟೋಪಿ ಮಾರುವವನ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿತು. ಬೀದಿ ಕಡೆ ಎರಡು ಕಿಟಕಿ, ಓಡಾಡಿದರೆ ಕಿರುಗುಟ್ಟುವ ಹಲಗೆ ನೆಲ. ಅಲ್ಲೇ ಹೊಲಿಗೆ ಅಂಗಡಿ ಇಟ್ಟರು. ಬಟ್ಟೆ ಕತ್ತರಿಸಲು ಉದ್ದನೆಯ ಮೇಜು, ಮೂಲೆಯಲ್ಲಿ ಅಜ್ಜಿಯ ಇಸ್ತ್ರಿ ಪೆಟ್ಟಿಗೆ. ನಾಲ್ಕನೇ ದಿನ ಚಿಕ್ಕ ಧಣಿ ಮೆಟ್ಟಿಲು ಹತ್ತಿ ಬಂದ. ಅಂಗಿಯನ್ನು ತಾನೇ ಹಾಕಿಕೊಂಡಿದ್ದ. ಮೊದಲ ಗುಂಡಿ ಎರಡನೇ ಕಾಜಕ್ಕೆ ಹೋಗಿತ್ತು.

"ನಾನೇನು ತಪ್ಪು ಮಾಡ್ದೆ, ಹೇಳು," ಎಂದ.

"ತಪ್ಪು ಮಾಡಿಲ್ಲ. ಏನೂ ಮಾಡಿಲ್ಲ. ಅದೇ ತೊಂದರೆ. ನಿಮ್ಮನ್ನ ಕಟ್ಟಿಕೊಂಡ್ರೆ ಹನ್ನೆರಡು ಜನರ ಕೆಲಸ ನನ್ನ ತಲೆಗೆ."

"ಹಾಗಾದ್ರೆ ನಾನೇನು ಮಾಡ್ಲಿ?"

ಅವಳು ಸೂಜಿ, ದಾರ, ಒಂದು ಹಳೆ ಅಂಗಿ ಅವನ ಮುಂದಿಟ್ಟಳು. "ಪೋಣಿಸಿ," ಎಂದಳು.

ಸೂಜಿಗೆ ದಾರ ಪೋಣಿಸಲು ಅವನಿಗೆ ಬೆಳಗಿನ ಅರ್ಧ ಹೊತ್ತು ಹಿಡಿಯಿತು. ಹತ್ತೂ ಬೆರಳಿಗೆ ಚುಚ್ಚಿಕೊಂಡ. ಗುಂಡಿಯನ್ನು ಅಂಗಿಗೆ ಸೇರಿಸುವ ಬದಲು ಅಂಗಿಯನ್ನು ತನ್ನ ಪ್ಯಾಂಟಿಗೆ ಸೇರಿಸಿ ಹೊಲಿದ. ಅಜ್ಜಿ ಬಿದ್ದು ಬಿದ್ದು ನಕ್ಕಳು, ಚಿಕ್ಕಜ್ಜಿ ನಗಲಿಲ್ಲ. ಬಿಚ್ಚಿ ಮತ್ತೆ ಕೊಟ್ಟಳು. ಮರುದಿನವೂ ಬಂದ. ಮಳೆಗಾಲ ಹೋಯಿತು, ಚಳಿ ಬಂತು, ಅವನು ಬರುವುದು ತಪ್ಪಲಿಲ್ಲ. ಕಾಜ ಹೊಲಿಯುವುದರಲ್ಲಿ ಅವನ ಕೈ ಕುದುರಿತು. ಅವನ ವಂಶದಲ್ಲಿ ಆರು ತಲೆಮಾರಿನಲ್ಲಿ ಯಾರಾದರೂ ಕೈಯಾರೆ ಮಾಡಿದ ಮೊದಲ ಕೆಲಸ ಅದು. ಒಂದು ಮಧ್ಯಾಹ್ನ ಸತತವಾಗಿ ಎಂಟು ಕಾಜ ಮುಗಿಸಿ ಮುಂದಿಟ್ಟಾಗ, ಚಿಕ್ಕಜ್ಜಿ ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ ಕಣೋ," ಎಂದಳು. ಧಣಿ ಎನ್ನುವುದು ಅವಳ ಬಾಯಿಂದ ಬಿಟ್ಟುಹೋದದ್ದು ಆವತ್ತು. ಅದನ್ನು ಕೇಳಿ ಅವನ ಕಣ್ಣು ತುಂಬಿತಂತೆ. ಮುಂದಿನ ವಾರ ಮದುವೆಯಾದರು. ಟೋಪಿಯವನು ಸಾಕ್ಷಿ.

ದೊಡ್ಡಮನೆಯವರು ಮಗ ಪರದೇಶಕ್ಕೆ ಹೋಗಿದ್ದಾನೆ ಎಂದು ಎಲ್ಲರಿಗೂ ತಿಳಿಸಿದರು. ಪರದೇಶ ಅವರ ಗೇಟಿನಿಂದ ಕಾಲ್ನಡಿಗೆಯಲ್ಲಿ ಹತ್ತು ನಿಮಿಷದ ದಾರಿಯಾಗಿತ್ತು. ಎರಡು ವರ್ಷದ ಮೇಲೆ ಅಮ್ಮಾವ್ರೇ ಅಂಗಡಿಗೆ ಬಂದರು. ಊರಲ್ಲಿ ಅಷ್ಟು ಚೆಂದ ಹೊಲಿಯುವವರು ಬೇರೆ ಇರಲಿಲ್ಲ. ಮಗನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ ದರ್ಜಿ, ಭುಜ ಸ್ವಲ್ಪ ಸಡಿಲ ಇರಲಿ," ಎಂದರು. ಅವನು "ಆಗಲಿ ಅಮ್ಮಾವ್ರೇ," ಎಂದು ಭುಜ ಅಳೆದ. ಅಳೆಯುವಾಗ ಅಮ್ಮಾವ್ರು ಅವನ ಕೂದಲ ಮೇಲಿದ್ದ ದಾರದ ತುಂಡನ್ನು ತೆಗೆದು, ಏನೂ ಆಗಿಲ್ಲವೆಂಬಂತೆ ಕಿಟಕಿಯಾಚೆ ನೋಡಿದರು. ಆಮೇಲೆ ತಿಂಗಳಿಗೊಂದು ಬಟ್ಟೆ ಹೊಲಿಸತೊಡಗಿದರು. ಅಷ್ಟು ಬಟ್ಟೆ ಯಾರಿಗೂ ಬೇಕಾಗುವುದಿಲ್ಲ.

ಕಾರಭಾರಿಗಳೂ ಬಂದರು, ಕೋಟು ಹೊಲಿಸಿಕೊಳ್ಳಲು. ಎರಡು ಕೈ ಚಾಚಿ ನಿಂತರು. ಎಷ್ಟು ಸಲೀಸಾಗಿ ನಿಂತರೆಂದರೆ ಹುಟ್ಟಿದ್ದೇ ಹಾಗೆ ನಿಲ್ಲಲು ಎನ್ನಬೇಕು. ಅವರ ಧಣಿಯ ಮಗನೇ ಟೇಪು ಹಿಡಿದು ಅವರ ಸೊಂಟದ ಸುತ್ತಳತೆ ತೆಗೆದ, ಕಾಲುದ್ದ ಅಳೆಯಲು ಮಂಡಿಯೂರಿದ. ಕಾರಭಾರಿಗಳಿಗೆ ಅದರಲ್ಲಿ ಯಾವ ಮುಜುಗರವೂ ಕಾಣಲಿಲ್ಲ. ದರ್ಜಿ ಎಂದರೆ ದರ್ಜಿ.

"ಬೇಗ ಆಗಲಿ," ಎಂದರು. "ಮನೇಲಿ ನಾನಿಲ್ಲದಿದ್ರೆ ಏನೂ ನಡೆಯಲ್ಲ."

"ಗೊತ್ತು ಕಾರಭಾರಿಗಳೇ, ಮೂರು ದಿನ ನೋಡಿದೀನಿ," ಎಂದಳು ಚಿಕ್ಕಜ್ಜಿ, ಅಳತೆ ಬರೆದುಕೊಳ್ಳುತ್ತ.

ಅವರು ಹೋದ ಮೇಲೆ ಗಂಡಹೆಂಡಿರೂ ಅಜ್ಜಿಯೂ ಅಂಗಡಿ ಬಾಗಿಲು ಅಡ್ಡ ಮಾಡಿ, ಕತ್ತರಿಸುವ ಮೇಜಿನ ಮೇಲೆಯೇ ತಟ್ಟೆ ಇಟ್ಟುಕೊಂಡು ಊಟಕ್ಕೆ ಕೂತರು. ಬಡಿಸುವ ಸರದಿ ಆ ದಿನ ಅವನದಾಗಿತ್ತು. ಅಜ್ಜಿಗೆ ಮೊದಲು ಬಡಿಸಿದ.