ಮೀಸೆ ಬಂದ ಗಡಿಯಾರ

ಅಪ್ಪನನ್ನು ಮರೆವಿನ ಪರೀಕ್ಷೆಗೆ ಕರೆದುಕೊಂಡು ಹೋದ ದಿನ ನನ್ನ ತಲೆ ಮೊದಲೇ ಕೆಟ್ಟಿತ್ತು. ಹಿಂದಿನ ವಾರ ಅವರು ಮೊಮ್ಮಗಳನ್ನು ಶಾಲೆಯಿಂದ ಕರೆತರುವಾಗ ಕಿಂಗ್ಸ್‌ಬರಿಯ ನಮ್ಮ ಮನೆಗೆ ಬರುವ ಬದಲು ಟ್ಯೂಬ್ ರೈಲು ಹತ್ತಿ ಕೊನೆಯ ನಿಲ್ದಾಣವಾದ ಸ್ಟ್ಯಾನ್ಮೋರ್ ತನಕ ಹೋಗಿಬಿಟ್ಟಿದ್ದರು. ಲೈನು ಎಲ್ಲಿ ಮುಗಿಯುತ್ತದೆಂದು ಕೂಸಿಗೆ ತೋರಿಸಿದೆ ಎಂದು ಎಲ್ಲರನ್ನೂ ನಗಿಸಿದರು. ಮಗಳು ಮಾತ್ರ ಆ ಸಂಜೆಯೆಲ್ಲ ನನ್ನ ಕೈ ಬಿಡಲಿಲ್ಲ. ಇನ್ನು ಮುಂದೆ ಅವಳನ್ನು ಅಪ್ಪನ ಜೊತೆ ಕಳಿಸಬಹುದೇ ಎಂಬುದು ನನಗೆ ಈಗ ತಿಳಿಯಬೇಕಿತ್ತು. ಧಾರವಾಡ ಬಿಟ್ಟು ಈ ಪರದೇಶಕ್ಕೆ ಬಂದ ಮೇಲೆ ಅಪ್ಪನಿಗೆ ಇಲ್ಲಿದ್ದ ಕೆಲಸ ಅದೊಂದೇ.

ಡಾಕ್ಟರು ಐರ್ಲೆಂಡಿನ ಹೆಂಗಸು. ದುಭಾಷಿ ನಾನೇ. ಇದು ಯಾವ ತಿಂಗಳು ಎಂದರೆ, ಚಳಿಯನ್ನೇ ಕೇಳಿ ಎಂದರು ಅಪ್ಪ. ಗಡಿಯಾರ ಬರೆಯಿರಿ ಎಂದಾಗ ದುಂಡಗೆ ಗೆರೆ ಎಳೆದು, ಅಂಕಿಗಳ ಬದಲು ಕಣ್ಣು, ಮೂಗು, ದೊಡ್ಡದೊಂದು ಮೀಸೆ ಬಿಡಿಸಿದರು. ಪಕ್ಕದಲ್ಲಿದ್ದ ನರ್ಸ್ ಕಿಸಕ್ಕನೆ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಡಾಕ್ಟರು ನಗಲಿಲ್ಲ. ಇಂಥ ಕೋಡಂಗಿ ಆಟಕ್ಕೆ ತಮ್ಮ ಐರಿಷ್ ಭಾಷೆಯಲ್ಲಿ 'ಪ್ಲೈಕೀಯಖ್ತ್' ಅನ್ನುತ್ತಾರೆ, ತಮ್ಮ ಅಪ್ಪನಿಗೆ ಅಮ್ಮ ದಿನಾ ಅನ್ನುತ್ತಿದ್ದ ಮಾತು ಎಂದರು. ಪೆದ್ದ ಅನ್ನುವುದಕ್ಕೆ 'ಪ್ಲೈಕ'. ನಮ್ಮ 'ತನ'ದಂಥ ಬಾಲವೊಂದು ಸೇರಿದರೆ ಪೆದ್ದನ ಆಟ. 'ಪ್ಲೈಕ' ಎಂಬ ಆ ಪದ ಎಲ್ಲಿಂದ ಬಂತೋ ಅವರಿಗೂ ಗೊತ್ತಿರಲಿಲ್ಲ. ವಾಕ್ಯದಲ್ಲಿ 'ಪ್ಲೈಕೀಯಖ್ತ್'ಗೆ ಮುಂಚೆ ಪುಟ್ಟ ಪದವೊಂದು ಬರುತ್ತದಂತೆ. ಆಗ ಮನುಷ್ಯ ಕೋಡಂಗಿ ಎಂದಲ್ಲ, ಸದ್ಯಕ್ಕೆ ಆ ಆಟದಲ್ಲಿದ್ದಾನೆ ಎಂದಷ್ಟೇ ಅರ್ಥ. ಆಟ ಮುಗಿಯಲಿ, ಕಾಯೋಣ ಎಂದರು ಅವರು.

ಆಮೇಲೆ ಯಾರೂ ನಗದಿದ್ದಾಗ ಅಪ್ಪ ಮತ್ತೆ ಪೆನ್ನು ಎತ್ತಿಕೊಂಡರು. ಮೀಸೆಯ ಕೆಳಗೆ ಆರು ಎಂದು ಬರೆದರು. ಅಲ್ಲಿಗೆ ಕೈ ನಿಂತಿತು. ನಗು ಇನ್ನೂ ಮುಖದ ಮೇಲೇ ಇತ್ತು, ಕಣ್ಣು ಕಾಗದದ ಮೇಲಿತ್ತು.

"ಮುಂದ ಏನ್ ಬರೀಬೇಕು ತಿಳೀವಲ್ದವಾ. ಇಕಿಗೆ ಹೇಳಬ್ಯಾಡ."

ಏನಂದರು ಎಂದು ಡಾಕ್ಟರು ಕೇಳಿದರು. ಇನ್ನೊಂದು ತಮಾಷೆ ಮಾಡಿದರು ಎಂದುಬಿಟ್ಟಿದ್ದರೆ ನಂಬುವಂತೆಯೇ ಇತ್ತು. ಹೇಳಲು ನನಗೆ ಹೆದರಿಕೆ, ಹೇಳದಿರಲು ಅದಕ್ಕಿಂತ ಹೆದರಿಕೆ. ಮಗಳು ಕೈ ಹಿಡಿದುಕೊಂಡಿದ್ದು ನೆನಪಾಯಿತು. ಅಪ್ಪ ಅಂದದ್ದನ್ನೆಲ್ಲ, ಹೇಳಬೇಡ ಅಂದದ್ದನ್ನೂ ಸೇರಿಸಿ, ಇಂಗ್ಲಿಷಿನಲ್ಲಿ ಹೇಳಿದೆ.

ಅಷ್ಟು ಇಂಗ್ಲಿಷ್ ಅಪ್ಪನಿಗೆ ತಿಳಿಯುತ್ತಿತ್ತು. ಪೆನ್ನಿಗೆ ಕ್ಯಾಪ್ ಹಾಕಿ ನನ್ನ ಕೈಗೆ ಕೊಟ್ಟರು.

"ನಾಳಿಂದ ಕೂಸಿನ್ನ ಕರಕೊಂಡ ಬರಾಕ ನೀನ ಹೋಗವಾ" ಎಂದರು.